ನಾಲೆ ಹತ್ತದ ಊರುಗಳೂ ಮಂಡ್ಯವನ್ನು ಕಟ್ಟಿವೆ

ಸಂಪಾದಕರಿಗೆ,

ಮಂಡ್ಯದ ಬಗ್ಗೆ ಕನ್ನಡ ಪತ್ರಿಕೆಗಳು ವಿಶೇಷ ಪುಟ ತಂದಾಗಲೆಲ್ಲ ಕಥೆ ಒಂದೇ ದಾರಿಯಲ್ಲಿ ಸಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಮನಸ್ಸು ಮಾಡಿದರು, ವಿಶ್ವೇಶ್ವರಯ್ಯನವರು ಅಣೆಕಟ್ಟೆ ಕಟ್ಟಿದರು, ಕೋಲ್ಮನ್ ಸಾಹೇಬರು ಸಕ್ಕರೆ ಕಾರ್ಖಾನೆ ತಂದರು, ಬೆಂಗಾಡು ಹಸಿರಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಜಿಲ್ಲೆಯ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಪಕ್ಕದಲ್ಲೇ ನಾಲ್ವಡಿಯವರ ಮತ್ತು ಸರ್‌ಎಂವಿಯವರ ಪಟಗಳು ತೂಗುತ್ತಿರುವುದಕ್ಕೆ ತಕ್ಕ ಕಾರಣಗಳಿವೆ. ಆದರೆ ಈ ಕಥೆ ಗದ್ದೆಗೆ ಸಂಬಂಧಿಸಿದ್ದು. ಗದ್ದೆಗಳ ನಡುವೆ ಒಂದು ಪಟ್ಟಣ ಏಕೆ ಎದ್ದಿತು, ಅದು ಯಾರ ದುಡಿಮೆಯಿಂದ ಬೆಳೆಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ. ನೀರು ಹರಿದ ಕಡೆಯೆಲ್ಲ ಪಟ್ಟಣ ಹುಟ್ಟುವುದಿಲ್ಲ. ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳು ಕೃಷ್ಣರಾಜಸಾಗರಕ್ಕಿಂತ ಎಷ್ಟೋ ಮುಂಚಿನಿಂದ ಹರಿಯುತ್ತಿದ್ದವು. ಅವುಗಳ ದಡದ ಊರುಗಳು ತಲೆಮಾರುಗಳ ಕಾಲ ಭತ್ತ ಬೆಳೆದುಕೊಂಡು ಊರುಗಳಾಗಿಯೇ ಉಳಿದವು. ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣವೇ 1799ರ ನಂತರ ಕುಗ್ಗುತ್ತ ಹೋಯಿತು. ಹಾಗಿರುವಾಗ ಆ ನಾಲೆಗಳ ಎಟುಕಿಗೆ ಸಿಗದ ದಿಬ್ಬದ ಮೇಲಿದ್ದ ಮಂಡ್ಯ, ಒಂದೆರಡು ದಶಕಗಳಲ್ಲಿ ಆ ಇಡೀ ಸೀಮೆಯ ಮುಖ್ಯ ಪಟ್ಟಣವಾದದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ. ಈ ಪತ್ರ ಉದ್ದವಾಗುತ್ತದೆ ಎಂಬ ಅರಿವು ನನಗಿದೆ; ತಾವು ಸ್ಥಳಾವಕಾಶ ನೋಡಿಕೊಂಡು ಪ್ರಕಟಿಸಬಹುದು.

ನಾಲೆಗೆ ಮೊದಲು ಇಲ್ಲಿ ಏನೂ ಇರಲಿಲ್ಲ ಎಂಬ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಅಷ್ಟು ಸರಿಯಲ್ಲ. ಮಾಂಡವ್ಯ ಋಷಿಯ ಪುರಾಣವನ್ನು ಪಕ್ಕಕ್ಕಿಟ್ಟರೂ, ವಿಜಯನಗರದ ಕಾಲದ ಅಗ್ರಹಾರವೊಂದು ಇಲ್ಲಿತ್ತು. ಮಂಡ್ಯಂ ಶ್ರೀವೈಷ್ಣವರು ಇಂದಿಗೂ ಆ ಹೆಸರನ್ನು ಹೊತ್ತು ತಿರುಗುತ್ತಾರೆ. ಪಕ್ಕದಲ್ಲೇ ಗುತ್ತಲು ಎಂಬ ಹಳೆಯ ಊರು, ಅದರ ಅರ್ಕೇಶ್ವರ ದೇವಸ್ಥಾನ. ಸುತ್ತಲಿನ ನೆಲ ಬಹುಪಾಲು ಖುಷ್ಕಿ. ಮಳೆ ನಂಬಿ ರಾಗಿ, ಹುರುಳಿ, ಅವರೆ, ಕೆರೆಯ ಹಿಂದೆ ಒಂದಿಷ್ಟು ಭತ್ತ. ಮಳೆ ಕೈಕೊಟ್ಟರೆ ಕೆರೆಯೂ ಕೈಕೊಡುತ್ತಿತ್ತು. 1876–78ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಹಿಂಡಿದ ಮೇಲೆ, ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸಾಯುವುದು ಮರುಕಳಿಸಬಾರದೆಂಬ ಎಚ್ಚರವೂ ಸೇರಿ, ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ಚುರುಕಾಯಿತು. 1882ರ ವೇಳೆಗೆ ಮೈಸೂರಿನವರೆಗೆ ಮೀಟರ್ ಗೇಜ್ ರೈಲು ಓಡುತ್ತಿತ್ತು ಮತ್ತು ಅದು ಮಂಡ್ಯದ ಮೂಲಕ ಹಾದುಹೋಗುತ್ತಿತ್ತು. ನಾಲೆ ಬರುವ ಹೊತ್ತಿಗೆ ಮಂಡ್ಯದ ನಿಲ್ದಾಣಕ್ಕೆ ಅರ್ಧ ಶತಮಾನದ ವಯಸ್ಸಾಗಿತ್ತು. ಮುಂದೆ ಕಾರ್ಖಾನೆಗೆ ಜಾಗ ಹುಡುಕುವಾಗ ಈ ಹಳಿಯೇ ಅರ್ಧ ನಿರ್ಧಾರವನ್ನು ಮಾಡಿ ಮುಗಿಸಿತ್ತು ಎಂದು ನಾನು ತಿಳಿದಿದ್ದೇನೆ. ನಮ್ಮ ವಿಶೇಷ ಪುಟಗಳಲ್ಲಿ ಈ ರೈಲಿಗೆ ಒಂದು ಸಾಲೂ ಸಿಗುವುದಿಲ್ಲ.

ಅಣೆಕಟ್ಟೆಯ ವಿಚಾರವನ್ನು ಎಲ್ಲರೂ ಬಲ್ಲರಾದರೂ, ಅದರ ಕಾಲಾನುಕ್ರಮವನ್ನು ಕುಗ್ಗಿಸಿ ಹೇಳುವುದರಿಂದ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಕನ್ನಂಬಾಡಿಯಲ್ಲಿ ಕೆಲಸ ಆರಂಭವಾದದ್ದು 1911ರ ನವೆಂಬರಿನಲ್ಲಿ. ಅದರ ಹಿಂದಿದ್ದ ತುರ್ತು ಒಕ್ಕಲುತನವೊಂದರದೇ ಆಗಿರಲಿಲ್ಲ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಅಲ್ಲಿನ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ನೀರನ್ನು ಮೇಲೆಯೇ ತಡೆದು ವರ್ಷವಿಡೀ ಹದವಾಗಿ ಬಿಡುವುದು ಆ ಯೋಜನೆಯ ಒಂದು ದೊಡ್ಡ ಗುರಿಯಾಗಿತ್ತು. ಕಟ್ಟೆಯ ಎತ್ತರದ ಬಗ್ಗೆ, ಹೊಸ ನೀರಾವರಿಯ ಬಗ್ಗೆ ಮದರಾಸು ಸರ್ಕಾರದ ತಕರಾರು ವರ್ಷಗಟ್ಟಲೆ ನಡೆಯಿತು. 1924ರ ಫೆಬ್ರವರಿಯ ಒಪ್ಪಂದದ ನಂತರವೇ ಮೈಸೂರಿಗೆ ಈ ಜಲಾಶಯದ ಕೆಳಗೆ ಸುಮಾರು ಒಂದೂಕಾಲು ಲಕ್ಷ ಎಕರೆ ಹೊಸ ಅಚ್ಚುಕಟ್ಟು ಮಾಡುವ ಅವಕಾಶ ಖಾತ್ರಿಯಾದದ್ದು. ಕಟ್ಟೆಯ ಕೆಲಸ ಆರಂಭವಾಗಿ ಹನ್ನೆರಡು ವರ್ಷ, ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಐದು ವರ್ಷ ಕಳೆದಿದ್ದವು. ನಾಲೆ ತೋಡಿ ನೀರು ಹರಿಸಿದ್ದು ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದ ಆರಂಭಕ್ಕೆ. ಆಗಿನ ವೈಸರಾಯರ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆಸಿಕೊಂಡದ್ದು ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು, ಜನರ ಬಾಯಲ್ಲಿ ವಿ.ಸಿ. ನಾಲೆ. ಕಾವೇರಿ ಕಣಿವೆಯ ನೀರನ್ನು ಮಂಡ್ಯ, ಮದ್ದೂರಿನ ಕಡೆಗೆ ತಿರುಗಿಸಲು ನಡುವಿನ ದಿಬ್ಬ ಅಡ್ಡವಾಗಿತ್ತು. ಹುಲಿಕೆರೆಯ ಬಳಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು ಆ ಅಡ್ಡಿಯನ್ನು ದಾಟಿದರು. ಚಿಕ್ಕದೇವರಾಯರ ಕಾಲದ ನಾಲೆಗಳು ಮಾಡಲಾಗದಿದ್ದ ಕೆಲಸವೆಂದರೆ ಇದೊಂದೇ. ಆ ಸುರಂಗದ ಮೇಲೆ ನಿಂತು ನೋಡಿದವರಿಗೆ ಇಡೀ ಯೋಜನೆಯ ಧೈರ್ಯ ಅಣೆಕಟ್ಟೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಇಲ್ಲಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ, ಬೃಂದಾವನದ ಕಾರಂಜಿ ನೋಡಲು ಹೋಗುವವರು ಇದನ್ನು ಒಪ್ಪದಿರಬಹುದು.

ನೀರು ಬಂದದ್ದನ್ನು ರೈತರು ಆರತಿ ಎತ್ತಿ ಸ್ವಾಗತಿಸಿದರು ಎಂಬ ಚಿತ್ರವೂ ಪೂರ್ತಿ ನಿಜವಲ್ಲ. ಆ ವರ್ಷಗಳು ಜಗತ್ತಿನ ಆರ್ಥಿಕ ಕುಸಿತದ ವರ್ಷಗಳು. ಬೆಳೆದದ್ದಕ್ಕೆ ಬೆಲೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ನಾಲೆಯ ಕೆಳಗಿನ ಜಮೀನಿಗೆ ಸರ್ಕಾರ ವಿಧಿಸಿದ ವಂತಿಗೆ, ನೀರಿನ ಕಂದಾಯ, ಇಂಥ ಜಮೀನಿನಲ್ಲಿ ಇಂಥದ್ದನ್ನೇ ಬೆಳೆಯಬೇಕೆಂಬ ಕಟ್ಟಳೆ, ಇವೆಲ್ಲ ಒಟ್ಟಿಗೆ ಬಂದವು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ರೂಪಿಸಿದ ಬ್ಲಾಕ್ ಪದ್ಧತಿಯನ್ನು ಇಲ್ಲಿಯೂ ಅಳವಡಿಸಿದರು. ಅಚ್ಚುಕಟ್ಟನ್ನು ತುಂಡುತುಂಡಾಗಿ ವಿಂಗಡಿಸಿ, ಒಂದು ಪಾಲಿಗೆ ಕಬ್ಬು, ಇನ್ನೊಂದಕ್ಕೆ ಭತ್ತ, ಮತ್ತೊಂದಕ್ಕೆ ಅರೆ ನೀರಾವರಿಯ ಬೆಳೆ ಎಂದು ಸರದಿಯ ಮೇಲೆ ನೀರು ಕೊಡುವ ವ್ಯವಸ್ಥೆ ಅದು. ನೀರನ್ನು ಹೆಚ್ಚು ಊರುಗಳಿಗೆ ಹಂಚುವ ದೃಷ್ಟಿಯಿಂದ ಜಾಣತನದ ಏರ್ಪಾಡು. ಆದರೆ ತನ್ನ ಹೊಲದಲ್ಲಿ ಏನು ಬಿತ್ತಬೇಕೆಂಬುದನ್ನು ಇನ್ನೊಬ್ಬರು ಹೇಳುವುದು ಒಕ್ಕಲಿಗೆ ಹೊಸದು. ಇರ್ವಿನ್ ನಾಲಾ ಚಳವಳಿ ಎಂದು ಹೆಸರಾದ ಹೋರಾಟದಲ್ಲಿ ಮಂಡ್ಯ, ಮದ್ದೂರಿನ ಕಡೆಯ ರೈತರು ಬೆಂಗಳೂರಿನವರೆಗೆ ತಮ್ಮ ದೂರು ಒಯ್ದರು. ಎಚ್.ಕೆ. ವೀರಣ್ಣಗೌಡರಂಥ ನಾಯಕರು ಮೇಲೆ ಬಂದದ್ದು ಆ ಚಳವಳಿಯಿಂದಲೇ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಅಷ್ಟು ಜನ ಸೇರಿದ್ದೇಕೆ ಎಂಬುದನ್ನು ನಾಲೆಯ ಕಂದಾಯದ ಈ ಜಗಳವನ್ನು ಬಿಟ್ಟು ವಿವರಿಸುವುದು ನನಗೆ ಸಾಧ್ಯವಾಗಿಲ್ಲ. ನಿಂತ ನೀರಿನಿಂದ ಮಲೇರಿಯಾ ಬಂತು, ತಗ್ಗಿನ ಜಮೀನುಗಳು ಜೌಗಾದವು. ಹೊಸ ಪಟ್ಟಣಕ್ಕೆ ಮೊದಲು ಬೇಕಾದ ಸರಕುಗಳಲ್ಲಿ ಕ್ವಿನೈನ್ ಕೂಡ ಒಂದು.

ಈಗ ಕಾರ್ಖಾನೆಗೆ ಬರುತ್ತೇನೆ, ಏಕೆಂದರೆ ಪಟ್ಟಣದ ಹುಟ್ಟಿಗೆ ನಿಜವಾದ ಗಂಟು ಇಲ್ಲಿದೆ. 1932ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಸಕ್ಕರೆ ಉದ್ಯಮಕ್ಕೆ ಸಂರಕ್ಷಣೆ ನೀಡುವ ಕಾಯ್ದೆ ತಂದು ಜಾವಾದ ಸಕ್ಕರೆಗೆ ಸುಂಕದ ಬೇಲಿ ಹಾಕಿತು. ಮೂವತ್ತರ ಆಸುಪಾಸಿನಲ್ಲಿದ್ದ ದೇಶದ ಸಕ್ಕರೆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರನ್ನು ದಾಟಿದವು. ಮೈಸೂರು ಸಕ್ಕರೆ ಕಂಪನಿ (ಮೈಷುಗರ್) 1933ರಲ್ಲಿ ಸ್ಥಾಪನೆಯಾದದ್ದು ಈ ಅಲೆಯಲ್ಲಿ. ನಾಲೆಯ ನೀರು ಮತ್ತು ಸುಂಕದ ರಕ್ಷಣೆ ಎರಡೂ ಒಂದೇ ಹೊತ್ತಿಗೆ ಕೂಡಿಬಂದದ್ದು ಮಂಡ್ಯದ ಅದೃಷ್ಟ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರು, ಇಲ್ಲಿ ಕಬ್ಬಿನ ಪರವಾಗಿ ನಿಂತರು. ಕಂಪನಿಯಲ್ಲಿ ಸರ್ಕಾರದ ಜತೆಗೆ ರೈತರೂ ಷೇರುದಾರರಾದರು.

ಕಬ್ಬು ಏಕೆ ಪಟ್ಟಣ ಕಟ್ಟುತ್ತದೆ, ಭತ್ತ ಏಕೆ ಅಷ್ಟಾಗಿ ಕಟ್ಟುವುದಿಲ್ಲ ಎಂಬುದಕ್ಕೆ ಬೆಳೆಯ ಗುಣವೇ ಕಾರಣ. ಭತ್ತವನ್ನು ಒಣಗಿಸಿ ವಾಡೆಯಲ್ಲಿ ತುಂಬಿಟ್ಟು ತಿಂಗಳುಗಟ್ಟಲೆ ಕಾಯಬಹುದು. ಮನೆಯಲ್ಲೇ ಕುಟ್ಟಿಕೊಳ್ಳಬಹುದು, ಬೆಲೆ ಬಂದಾಗ ಮಾರಬಹುದು. ಕಡಿದ ಕಬ್ಬು ಕಾಯುವುದಿಲ್ಲ. ಕಟಾವಾದ ಗಳಿಗೆಯಿಂದಲೇ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಒಡೆಯತೊಡಗುತ್ತದೆ. ಒಂದೆರಡು ದಿನ ಮೀರಿದರೆ ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ. ಆದ್ದರಿಂದ ಕಾರ್ಖಾನೆ ಗದ್ದೆಯ ನಡುವೆಯೇ ಇರಬೇಕು, ಮತ್ತು ಯಾವ ಊರಿನ ಯಾವ ಗದ್ದೆಯ ಕಬ್ಬನ್ನು ಯಾವ ದಿನ ಕಡಿಯಬೇಕೆಂಬ ಲೆಕ್ಕ ಅದರ ಕೈಯಲ್ಲಿರಬೇಕು. ಇದರಿಂದ ಒಪ್ಪಿಗೆ ಕಬ್ಬಿನ ಪದ್ಧತಿ ಬಂತು. ಒಪ್ಪಿಗೆ ಬರೆದುಕೊಟ್ಟ ರೈತನಿಗೆ ಕಾರ್ಖಾನೆ ಬಿತ್ತನೆಗೆ, ಗೊಬ್ಬರಕ್ಕೆ ಮುಂಗಡ ಕೊಡುತ್ತದೆ. ಫೀಲ್ಡ್‌ಮನ್ ಊರೂರು ತಿರುಗಿ ಬೆಳೆಯ ವಯಸ್ಸು ಬರೆದುಕೊಳ್ಳುತ್ತಾನೆ. ಕಟಾವಿನ ಆದೇಶ ಬರುತ್ತದೆ. ಗಾಡಿಗಳು ತೂಕದ ಸೇತುವೆಯ ಮುಂದೆ ಸಾಲುಗಟ್ಟುತ್ತವೆ. ಬಟವಾಡೆಗೆ ರೈತನೇ ಪಟ್ಟಣಕ್ಕೆ ಬರುತ್ತಾನೆ. ಈ ಒಂದೊಂದು ಹಂತದಲ್ಲೂ ಪಟ್ಟಣದ ಒಂದೊಂದು ಕಸುಬು ಅಡಗಿದೆ. ಸಾಲುಗಟ್ಟಿದ ಗಾಡಿಗಳ ಎತ್ತಿಗೆ ಲಾಳ ಕಟ್ಟುವವನು ಬೇಕು, ಅಚ್ಚು ಮುರಿದರೆ ಬಡಗಿ ಬೇಕು, ರಾತ್ರಿಯಿಡೀ ಸರದಿ ಕಾಯುವವರಿಗೆ ಹೋಟೆಲು ಬೇಕು, ಬಟವಾಡೆಯ ದಿನ ಬಟ್ಟೆಯಂಗಡಿ ಬೇಕು, ಕೈಗೆ ಬಂದ ದುಡ್ಡಿನ ಮೇಲೆ ಕಣ್ಣಿಟ್ಟ ಲೇವಾದೇವಿಗಾರ, ಬ್ಯಾಂಕು, ವಕೀಲ ಎಲ್ಲರೂ ಬೇಕು. ರಾಗಿ ಬೆಳೆಯುವ ರೈತ ವರ್ಷದಲ್ಲಿ ನಾಲ್ಕು ಸಂತೆಗೆ ಹೋಗಿ ಮುಗಿಸುತ್ತಿದ್ದ ವ್ಯವಹಾರಕ್ಕೆ ಕಬ್ಬಿನ ರೈತ ವಾರಕ್ಕೊಮ್ಮೆ ಮಂಡ್ಯಕ್ಕೆ ಬರಬೇಕಾಯಿತು. ಇಳುವರಿಯಷ್ಟೇ ಈ ಬಂದುಹೋಗುವಿಕೆಯೂ ಪಟ್ಟಣವನ್ನು ಬೆಳೆಸಿತು. ನಾಲೆಯ ಹೆಸರಿನಲ್ಲೇ ಶುರುವಾದ ವಿ.ಸಿ. ಫಾರಂ ಹೊಸ ತಳಿ, ಹೊಸ ಗೊಬ್ಬರದ ಮಾತನ್ನು ಈ ಓಡಾಟದ ಮೂಲಕವೇ ಊರುಗಳಿಗೆ ತಲುಪಿಸಿತು. ಮುಂದೆ 1990ರ ದಶಕದಲ್ಲಿ ಕೆ.ಆರ್.ಎಚ್.–2 ಎಂಬ ಸಂಕರಣ ಭತ್ತ ಹೊರಬಂದದ್ದು ಆ ನೆಲದಿಂದ.

ಇಷ್ಟರವರೆಗಿನದನ್ನು ಬಲ್ಲವರು ಬಲ್ಲರು. ನಾನು ಮುಖ್ಯವಾಗಿ ಹೇಳಹೊರಟ ಸಂಗತಿ ಇನ್ನೊಂದಿದೆ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದಿದ್ದ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದ ನಡುವಿನಲ್ಲಿ ಮಂಡ್ಯಕ್ಕೆ ಹತ್ತಿರದ ಎರಡು ಊರುಗಳಲ್ಲಿ ವಾಸವಿದ್ದು ಅಧ್ಯಯನ ಮಾಡಿದರು. ಊರುಗಳ ನಿಜವಾದ ಹೆಸರನ್ನು ಮರೆಸಿ ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. 1962ರಲ್ಲಿ ಅಧ್ಯಯನ ಪ್ರಕಟವಾಯಿತು. ವಂಗಲಕ್ಕೆ ನಾಲೆಯ ನೀರು ಸಿಕ್ಕಿತು. ದಲೇನ ನಾಲೆಗಿಂತ ಎತ್ತರದಲ್ಲಿದ್ದ ಕಾರಣ ಅದರ ನೆಲ ಖುಷ್ಕಿಯಾಗಿಯೇ ಉಳಿಯಿತು. ಸುತ್ತ ಎಲ್ಲರ ಗದ್ದೆ ಹಸಿರಾಗುತ್ತಿರುವುದನ್ನು ನೋಡುತ್ತ ಮಳೆಗೆ ಕಾಯುವ ಊರು. ಯಾರೇ ಆಗಲಿ, ಬದಲಾವಣೆ ನೀರು ಬಂದ ಊರಿನಲ್ಲೇ ಹೆಚ್ಚು ಎಂದು ಎಣಿಸುತ್ತಾರೆ. ಎಪ್ಸ್ಟೀನ್ ಕಂಡದ್ದು ಬಹುಮಟ್ಟಿಗೆ ಇದರ ತಿರುವುಮುರುವು. ವಂಗಲದವರು ಮೊದಲಿಗಿಂತ ಸಿರಿವಂತರಾದರು, ಆದರೆ ಮೊದಲಿನಂತೆಯೇ ಬೇಸಾಯಗಾರರಾಗಿ, ಮೊದಲಿನ ಊರಿನ ಕಟ್ಟುಪಾಡಿನೊಳಗೆಯೇ ಸಿರಿವಂತರಾದರು. ಕಬ್ಬು ನಾಟಿ, ಕಳೆ, ಕಟಾವು ಎಂದು ಊರಿನಲ್ಲೇ ಕೈತುಂಬ ಕೆಲಸವಿತ್ತು. ಹೊರಗೆ ನೋಡುವ ಅಗತ್ಯ ಬೀಳಲಿಲ್ಲ. ಒಕ್ಕಲಿಗ ಯಜಮಾನನಿಗೂ ಅವನ ಹೊಲದಲ್ಲಿ ತಲೆಮಾರಿನಿಂದ ದುಡಿಯುತ್ತಿದ್ದ ಆದಿಕರ್ನಾಟಕ ಕುಟುಂಬಕ್ಕೂ ಇದ್ದ ಹಳೆಯ ಸಂಬಂಧ, ಅದರ ಎಲ್ಲ ಅಸಮಾನತೆಯೊಡನೆ, ಸಡಿಲವಾಗುವ ಬದಲು ಉಳಿದುಬಂತು, ಏಕೆಂದರೆ ಹೊಸ ಬೆಳೆಗೆ ಹೆಚ್ಚು ಆಳು ಬೇಕಾಗಿತ್ತು.

ದಲೇನದವರು ಊರಿನಲ್ಲಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಮಂಡ್ಯದ ಕಡೆ ಮುಖ ಮಾಡಿದರು. ಕೆಲವರು ಕಾರ್ಖಾನೆಗೆ ಸೇರಿದರು, ಕೆಲವರು ಕಚೇರಿಗಳಲ್ಲಿ ಕೆಲಸ ಹಿಡಿದರು. ಗಾಡಿ ಹೂಡಿ ಬೇರೆಯವರ ಕಬ್ಬು ಸಾಗಿಸಿದರು, ಹಿಟ್ಟಿನ ಗಿರಣಿ ಇಟ್ಟರು, ಕಬ್ಬಿನ ಗಾಣ ಇಟ್ಟರು, ಗುತ್ತಿಗೆ ಹಿಡಿದರು. ಗಳಿಸಿದ ದುಡ್ಡಿನಲ್ಲಿ ನಾಲೆಯ ಕೆಳಗಿನ ಪಕ್ಕದೂರುಗಳಲ್ಲಿ ತರಿ ಜಮೀನು ಕೊಂಡವರೂ ಇದ್ದರು. ಇದರ ಫಲವಾಗಿ ಊರಿನೊಳಗಿನ ಹಳೆಯ ಕಟ್ಟುಗಳು ಬಿಚ್ಚಿಕೊಂಡವು. ಮನೆತನಗಳ ಹಿರಿತನ, ಯಜಮಾನ–ಆಳಿನ ಸಂಬಂಧ, ಪಂಚಾಯಿತಿಯ ಮಾತು, ಎಲ್ಲದರಲ್ಲೂ ಬಿರುಕು ಬಂತು. ಇದನ್ನು ಓದಿದಾಗ ನನಗೆ ಅನಿಸಿದ್ದು, ನಾವು ಮಂಡ್ಯದ ಕಥೆಯನ್ನು ಇಷ್ಟು ವರ್ಷ ವಂಗಲದ ಜಗುಲಿಯ ಮೇಲೆ ಕುಳಿತು ಹೇಳುತ್ತ ಬಂದಿದ್ದೇವೆ ಎಂದು. ಪಟ್ಟಣಕ್ಕೆ ಕಬ್ಬನ್ನೂ ಕೊಳ್ಳುವ ಶಕ್ತಿಯನ್ನೂ ಕೊಟ್ಟದ್ದು ನೀರು ಸಿಕ್ಕ ಊರುಗಳು. ಗಾಡಿಯ ಯಜಮಾನ, ಗಿರಣಿಯವ, ಗುಮಾಸ್ತ, ಮೆಕ್ಯಾನಿಕ್, ಸಣ್ಣ ಗುತ್ತಿಗೆದಾರ, ಅಂದರೆ ಪಟ್ಟಣವನ್ನು ಪಟ್ಟಣವಾಗಿಸುವ ಜನರನ್ನು ಕೊಟ್ಟದ್ದರಲ್ಲಿ ನೀರು ಸಿಗದ ಊರುಗಳ ಪಾಲು ದೊಡ್ಡದು. ನಾಲೆಯ ಮೇಲ್ಭಾಗದ ಖುಷ್ಕಿ ಊರುಗಳ ಜನ, ಮಳೆಯಾಶ್ರಿತ ನಾಗಮಂಗಲದ ಕಡೆಯವರು ಮಂಡ್ಯದ ಪೇಟೆಯಲ್ಲಿ ಎಷ್ಟು ಮಂದಿ ನೆಲೆಸಿದ್ದಾರೆಂದು ಯಾವುದೇ ಹಳೆಯ ಬೀದಿಯಲ್ಲಿ ಕೇಳಿ ನೋಡಬಹುದು. ಎರಡು ಊರುಗಳ ಅಧ್ಯಯನದಿಂದ ಇಡೀ ಸೀಮೆಗೆ ತೀರ್ಪು ಕೊಡಬಾರದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಆಕೆ ಎತ್ತಿದ ಪ್ರಶ್ನೆ ಸರಿಯಾದದ್ದು, ಅದನ್ನು ನಾವು ಕನ್ನಡದಲ್ಲಿ ಮುಂದುವರಿಸಲೇ ಇಲ್ಲ.

ಹಾಗೆಯೇ ನೀರಾಗಲಿ ಜಮೀನಾಗಲಿ ಎರಡೂ ಇಲ್ಲದ ಜನರೂ ಈ ಪಟ್ಟಣವನ್ನು ಕಟ್ಟಿದ್ದಾರೆ. ಕಬ್ಬಿನ ಕಟಾವು, ಆಲೆಮನೆಯ ಒಲೆ, ಕಾರ್ಖಾನೆಯ ಅಂಗಳದ ಹೊರೆ, ರಸ್ತೆ ಮತ್ತು ಮನೆಗಳ ಕಟ್ಟಡ ಕೆಲಸ, ಪೌರ ಕಾರ್ಮಿಕರ ಕೆಲಸ, ಇವುಗಳಿಗೆ ದಲಿತ ಕುಟುಂಬಗಳೂ ತಮಿಳು ಮಾತನಾಡುವ ಕುಟುಂಬಗಳೂ ಬಂದು ನೆಲೆಸಿದವು. ಮಂಡ್ಯದಲ್ಲಿ ಇಂದಿಗೂ ತಮಿಳು ಕಾಲೋನಿ ಎಂಬ ಹೆಸರಿನ ವಸತಿಯಿದೆ. ಕಾವೇರಿಗಾಗಿ ಸಂಜಯ ವೃತ್ತದಲ್ಲಿ ರಸ್ತೆ ತಡೆಯುವ ಊರಿನಲ್ಲೇ, ಮೂರು ತಲೆಮಾರುಗಳಿಂದ ಈ ಜನ ಇದೇ ಪಟ್ಟಣದ ಕೆಲಸ ಮಾಡಿಕೊಂಡಿದ್ದಾರೆ. ಕಾವೇರಿಯ ತಗಾದೆಯ ಬಗ್ಗೆ, ನ್ಯಾಯಮಂಡಳಿಯ ಬಗ್ಗೆ, 2018ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬೇಕಾದಷ್ಟು ಬಂದಿರುವುದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ.

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಡಿಸಿ ಮಂಡ್ಯ ಜಿಲ್ಲೆಯನ್ನು ರಚಿಸಿದ್ದು ಪಟ್ಟಣದ ಬೆಳವಣಿಗೆಯ ಇನ್ನೊಂದು ತಿರುವು. ಕಾರ್ಖಾನೆ ಇರದಿದ್ದರೆ ಜಿಲ್ಲಾ ಕೇಂದ್ರದ ಪಟ್ಟ ಮಂಡ್ಯಕ್ಕೆ ಬರುತ್ತಿತ್ತೇ ಎಂಬುದು ಅನುಮಾನ. ಬಂದ ಮೇಲೆ ಕಚೇರಿ, ಕೋರ್ಟು, ಆಸ್ಪತ್ರೆ, ಶಾಲೆಗಳು ತಮ್ಮಷ್ಟಕ್ಕೆ ಬಂದವು. ಕಬ್ಬಿನ ದುಡ್ಡು ಓದಿಗೆ ತಿರುಗಿದ್ದಕ್ಕೆ ಒಂದು ಗುರುತು, ಕೆ.ವಿ. ಶಂಕರಗೌಡರು ಮುಂದೆ ನಿಂತು 1962ರಲ್ಲಿ ಆರಂಭಿಸಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು. ಆ ಕಾಲದ ಒಂದು ಕೃಷಿ ಪಟ್ಟಣ ಎಂಜಿನಿಯರಿಂಗ್ ಕಾಲೇಜಿನ ಕನಸು ಕಂಡದ್ದು ಸಣ್ಣ ಮಾತಲ್ಲ. ಅದರಲ್ಲಿ ಓದಿದ ರೈತರ ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದರು, ಗದ್ದೆಗಳು ವಯಸ್ಸಾದವರ ಕೈಯಲ್ಲಿ ಉಳಿದವು. ಇದನ್ನು ಯಾರ ತಪ್ಪೆಂದೂ ಹೇಳಲಾಗದು.

ಪಟ್ಟಣದ ಇತ್ತೀಚಿನ ದಶಕಗಳನ್ನು ಬರೆಯುವಾಗ ಪತ್ರಿಕೆಗಳು ಮೈಷುಗರ್ ಕಾರ್ಖಾನೆ ನಿಂತದ್ದು, 2022ರಲ್ಲಿ ಮತ್ತೆ ಅರೆಯಲು ತೊಡಗಿದ್ದು, ಇವೆರಡನ್ನೇ ಹಿಡಿದು ಮಂಡ್ಯದ ಏಳುಬೀಳನ್ನು ಅಳೆಯುತ್ತವೆ. ಕಾರ್ಖಾನೆಯ ಚಿಮಣಿ ಹೊಗೆಯಾಡದ ವರ್ಷಗಳು ಕೆಟ್ಟ ವರ್ಷಗಳೆಂಬುದು ನಿಜ. ಆದರೆ ಆ ಹೊತ್ತಿಗೆ ಜಿಲ್ಲೆಯ ಕಬ್ಬಿಗೆ ಪಾಂಡವಪುರ, ಕೆ.ಎಂ. ದೊಡ್ಡಿ, ಕೊಪ್ಪ, ಕೆ.ಆರ್. ಪೇಟೆಯ ಮಾಕವಳ್ಳಿ ಎಂದು ಬೇರೆ ಕಾರ್ಖಾನೆಗಳು ಇದ್ದವು, ಆಲೆಮನೆಗಳಂತೂ ಮೊದಲಿನಿಂದ ಇದ್ದವು. ಆಲೆಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಕಾರ್ಖಾನೆಗಿಂತ ಹಿಂದುಳಿದ, ಅಳಿದುಹೋಗಬೇಕಾದ ಕಸುಬೆಂದು ಅಧಿಕಾರಿಗಳು ಬಹಳ ಕಾಲ ಕಂಡರು. ಕಾರ್ಖಾನೆ ಕಟಾವಿಗೆ ತಡ ಮಾಡಿದಾಗ, ಬಟವಾಡೆ ಬಾಕಿ ಉಳಿಸಿದಾಗ, ಬೆಲೆ ಒಡಂಬಡದಿದ್ದಾಗ ರೈತನ ಕೈ ಹಿಡಿದದ್ದು ಆಲೆಮನೆಯೇ. ಅಲ್ಲಿ ಸಿಗುವ ಬೆಲೆ ಕಾರ್ಖಾನೆಯ ಬೆಲೆಯ ಮೇಲೆ ಸದಾ ಒಂದು ಕಣ್ಣಿಟ್ಟಿರುತ್ತದೆ. ಮಂಡ್ಯದ ಎ.ಪಿ.ಎಂ.ಸಿ. ಪ್ರಾಂಗಣದ ಬೆಲ್ಲದ ಹರಾಜು ಪಟ್ಟಣದ ಹಳೆಯ ಜೀವನಾಡಿ, ಮತ್ತು ಈಗ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದಿರುವುದು ಬೆಲ್ಲವೇ. ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ವರ್ಷಕ್ಕೊಮ್ಮೆ ಬರುವ ಕಬ್ಬಿನ ದುಡ್ಡನ್ನು ನಂಬಿದ ಮನೆಗಳಿಗೆ ಹಸುವಿನ ಹಾಲು ತಿಂಗಳುದ್ದಕ್ಕೂ ನಗದು ತಂದುಕೊಟ್ಟಿತು, ಅದರಲ್ಲೂ ಹೆಂಗಸರ ಕೈಗೆ. ಗೆಜ್ಜಲಗೆರೆಯ ಡೇರಿ ಮಂಡ್ಯ ಪಟ್ಟಣದಲ್ಲಿಲ್ಲ, ಮದ್ದೂರಿನ ದಾರಿಯಲ್ಲಿದೆ. ಈಗಿನ ಕೃಷಿ ದುಡ್ಡು ಒಂದೇ ಪಟ್ಟಣದ ಸುತ್ತ ಸುತ್ತಬೇಕಿಲ್ಲ ಎಂಬುದಕ್ಕೆ ಅದೂ ಒಂದು ಸೂಚನೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮಂಡ್ಯವನ್ನು ಬೈಪಾಸಿನಲ್ಲಿ ದಾಟಿಸಿಬಿಟ್ಟಿತು. ಹಳೆಯ ಹೆದ್ದಾರಿಯ ಮೇಲೆ ಬದುಕಿದ್ದ ಹೋಟೆಲು, ಅಂಗಡಿ, ಎಳನೀರಿನ ರಾಶಿಗಳಿಗೆ ಪೆಟ್ಟು ಬಿದ್ದದ್ದನ್ನು ನೀವೂ ವರದಿ ಮಾಡಿದ್ದೀರಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪರಿಣಾಮ ಜಮೀನಿನ ಮೇಲೆ ಆಗುತ್ತಿದೆ. ಹೊಸಹಳ್ಳಿ, ಕಲ್ಲಹಳ್ಳಿ, ಸ್ವರ್ಣಸಂದ್ರಗಳು ಊರುಗಳಾಗಿದ್ದು ಆಮೇಲೆ ಪಟ್ಟಣದೊಳಗೆ ಸೇರಿಕೊಂಡವು. ಅದು ಪಟ್ಟಣ ತನ್ನ ಅಗತ್ಯಕ್ಕೆ ಬೆಳೆದದ್ದು. ಈಗ ಅಚ್ಚುಕಟ್ಟಿನ ತರಿ ಜಮೀನನ್ನು ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತಿಸಿ ಬಡಾವಣೆ ಮಾಡುವಾಗ ಕೊಳ್ಳುವವನಿಗೆ ಕಬ್ಬಾಗಲಿ ಮಂಡ್ಯವಾಗಲಿ ಬೇಕಿಲ್ಲ, ಬೆಂಗಳೂರಿಗೆ ಎಷ್ಟು ಹೊತ್ತಿನ ದಾರಿ ಎಂಬುದಷ್ಟೇ ಬೇಕು. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಇದ್ದ ತಡೆಗಳನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿದ ಮೇಲೆ ಈ ಕೊಳ್ಳುವಿಕೆ ಸಲೀಸಾಗಿದೆ. ಒಂದು ತೂಬಿನ ಕೆಳಗಿನ ಹತ್ತು ಹಿಡುವಳಿಗಳಲ್ಲಿ ನಾಲ್ಕು ನಿವೇಶನವಾದರೆ ಉಳಿದ ಆರಕ್ಕೆ ನೀರಿನ ದಾರಿ ಕಟ್ಟುತ್ತದೆ, ನೀರು ಬಿಡುವ ಸೌಡಿ ಬಂದು ತೂಬು ಎತ್ತಿದರೂ ನೀರು ಮುಂದಕ್ಕೆ ಹೋಗುವುದಿಲ್ಲ, ಬಡಾವಣೆಯ ಕೊಳಚೆ ಮಾತ್ರ ಗದ್ದೆಗೆ ಇಳಿಯುತ್ತದೆ. ಖುಷ್ಕಿ ದಿಬ್ಬದ ಮೇಲೆ ಹುಟ್ಟಿದ ಪಟ್ಟಣ ತಗ್ಗಿನ ಗದ್ದೆಯ ಮೇಲೆ ಹರಡುತ್ತಿರುವುದು ಯೋಜನೆಯ ದೃಷ್ಟಿಯಿಂದಲೂ ತಲೆಕೆಳಗು. ನಗರದ ಮಾಸ್ಟರ್ ಪ್ಲಾನ್ ಮಾಡುವವರು ನಾಲೆಯ ನಕ್ಷೆಯನ್ನು ಕೆಳಗಿಟ್ಟುಕೊಂಡು, ಯಾವ ತುಂಡು ನೀರಿನ ಸರದಿಯಲ್ಲಿದೆ, ಯಾವುದು ಮೊದಲಿನಿಂದಲೂ ಖುಷ್ಕಿ ಎಂದು ನೋಡಿ ಗೆರೆ ಎಳೆದರೆ, ಬೆಳೆಯಲು ಬೇಕಾದ ಜಾಗ ದಿಬ್ಬಗಳ ಮೇಲೆಯೇ ಸಿಗುತ್ತದೆ.

ಆದರೆ ಆ ನಕ್ಷೆಗಳು, ದಾಖಲೆಗಳು ಸಾಮಾನ್ಯರ ಕಣ್ಣಿಗೆ ಬೀಳುವಂತಿರಬೇಕು. ಬ್ಲಾಕ್ ಪದ್ಧತಿಯ ಕಾಲದ ಅಚ್ಚುಕಟ್ಟಿನ ನಕ್ಷೆ, ಕಾರ್ಖಾನೆಯ ಆರಂಭದ ವರ್ಷಗಳ ಒಪ್ಪಿಗೆ ಪುಸ್ತಕ ಮತ್ತು ಬಟವಾಡೆ ಪಟ್ಟಿ, ಕಾರ್ಮಿಕರ ಹಾಜರಿ, ಪುರಸಭೆಯ ಹಳೆಯ ನಡಾವಳಿ, ಬೆಲ್ಲದ ಮಂಡಿಯ ಲೆಕ್ಕ, ಇಂಥವುಗಳಲ್ಲಿ ಯಾವ ಊರಿನವರು ಯಾವ ಕಸುಬು ಹಿಡಿದು ಪಟ್ಟಣಕ್ಕೆ ಬಂದರು ಎಂಬುದು ಹೆಸರು ಹೆಸರಾಗಿ ಇರುತ್ತದೆ. ಹಳೆಯ ಕಾಗದಗಳಿಗೆ ಗೆದ್ದಲು ಮತ್ತು ಗುಜರಿ ಎರಡೂ ಶತ್ರುಗಳು; ಕಟ್ಟಡ ದುರಸ್ತಿಯಾಗುವಾಗ ಮೊದಲು ಹೊರಗೆ ಬೀಳುವುದು ಇವೇ. ರಾಜ್ಯ ಪತ್ರಾಗಾರ ಇಲಾಖೆ ಮತ್ತು ಜಿಲ್ಲಾಡಳಿತ ಸೇರಿ ಇವುಗಳ ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿ, ಮಂಡ್ಯದಲ್ಲೇ ಒಂದು ಕಡೆ ಓದಲು ಇಟ್ಟರೆ ದೊಡ್ಡ ಖರ್ಚೇನೂ ಆಗದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಮಾಡಿದ ಏರ್ಪಾಡಿನ ಒಂದು ಸಣ್ಣ ಪಾಲು ಸಾಕು.

ಅದಕ್ಕಿಂತ ಬೇಗ ಆಗಬೇಕಾದ ಕೆಲಸ ನಿಮ್ಮ ಪತ್ರಿಕೆಯಿಂದಲೇ ಆಗಬಹುದು. ಮುಂದಿನ ಬಾರಿ ಮಂಡ್ಯದ ವಿಶೇಷ ಪುಟಕ್ಕೆ ವರದಿಗಾರರನ್ನು ಕಳಿಸುವಾಗ ಕನ್ನಂಬಾಡಿಗೆ ಕಳಿಸುವುದರ ಜತೆಗೆ, ನಾಲೆಗಿಂತ ಮೇಲಿರುವ ನಾಲ್ಕಾರು ಖುಷ್ಕಿ ಊರುಗಳಿಗೂ, ತಮಿಳು ಕಾಲೋನಿಗೂ, ಗುತ್ತಲಿಗೂ ಕಳಿಸಿ, ಎಂಬತ್ತು ದಾಟಿದವರನ್ನು ಮಾತನಾಡಿಸಿ, ಅವರ ಅಪ್ಪಂದಿರು ಪಟ್ಟಣಕ್ಕೆ ಮೊದಲು ಬಂದದ್ದು ಏಕೆ, ಏನು ಕೆಲಸಕ್ಕೆ ಎಂದು ಕೇಳಿಸಿ ಬರೆಸಿರೆಂದು ಕೋರುತ್ತೇನೆ. ಆ ತಲೆಮಾರಿನಲ್ಲಿ ಈಗ ಉಳಿದಿರುವವರು ಕೆಲವರೇ. ಆದ್ದರಿಂದ ಮುಂದಿನ ಸುಗ್ಗಿಯ ಪುರವಣಿಯವರೆಗೆ ಕಾಯದಿರುವುದು ಒಳ್ಳೆಯದು.

ಇಂತಿ,
ಮಂಡ್ಯ ಜಿಲ್ಲೆಯ ಓದುಗ